ಚದುರಂಗ: ತಲೆಯ ಆಟದಲ್ಲಿ ದೇಹವನ್ನು ಮರೆಯದಿರಿ

ಚದುರಂಗ ಆಡುವವರಿಗೂ ಪೆಟ್ಟಾಗುತ್ತದೆಯೇ ಎಂದು ಕೇಳಿದರೆ ನೀವು ನಗಬಹುದು. ಕಬಡ್ಡಿಯಲ್ಲಿ ಮೊಣಕಾಲು ಉಳುಕುತ್ತದೆ, ಕ್ರಿಕೆಟ್ಟಿನಲ್ಲಿ ಬೆರಳು ಮುರಿಯುತ್ತದೆ. ಕುರ್ಚಿಯಲ್ಲಿ ಕುಳಿತು ಕುದುರೆ, ಒಂಟೆ ನಡೆಸುವವರಿಗೆ ಏನಾದೀತು? ನಾನೂ ಹಾಗೆಯೇ ತಿಳಿದಿದ್ದೆ. ಈಗ ಹಾಗೆ ಹೇಳಲಾರೆ.

ಕಳೆದ ಮಳೆಗಾಲದಲ್ಲಿ ಜಗಳೂರು ಕಡೆಯ ರೈತರೊಬ್ಬರು ಹದಿಮೂರು ವರ್ಷದ ಮಗಳನ್ನು ಕರೆತಂದರು. ದಾವಣಗೆರೆಯಲ್ಲಿ ನಡೆದ ಒಂದು ದಿನದ ಪಂದ್ಯಾವಳಿಯಲ್ಲಿ ಮೊದಲ ಮೂರು ಸುತ್ತು ಗೆದ್ದಿದ್ದ ಹುಡುಗಿ, ನಾಲ್ಕನೆಯ ಸುತ್ತಿನ ನಡುವೆ ಕಣ್ಣು ಕತ್ತಲೆ ಬಂದು ಕುರ್ಚಿಯಿಂದ ಜಾರಿ ಬಿದ್ದಿದ್ದಳು. ಹುಬ್ಬಿನ ಮೇಲೆ ಸಣ್ಣ ಗಾಯ. ಅಲ್ಲಿದ್ದವರು ಫಿಟ್ಸ್ ಎಂದು ಭಾವಿಸಿ ಕೈಗೆ ಬೀಗದ ಕೈ ಹಿಡಿಸಿ, ಮೂಗಿಗೆ ಈರುಳ್ಳಿ ಹಿಡಿದಿದ್ದರಂತೆ. ತಂದೆಯ ಮಾತು ಒಂದೇ: "ತಲೆ ಜಾಸ್ತಿ ಓಡ್ಸಿ ಹಿಂಗಾಗೈತೆ ಸಾರ್. ಈ ಆಟ ಬಿಡಿಸಿಬಿಡ್ತೀನಿ."

ಹುಡುಗಿ ತಲೆ ತಗ್ಗಿಸಿ ಅಳುತ್ತಿದ್ದಳು. ಗಾಯದ ನೋವಿಗಲ್ಲ, ಆಟ ಬಿಡಿಸುತ್ತಾರೆಂಬ ಭಯಕ್ಕೆ.

ಆ ದಿನ ನಡೆದದ್ದನ್ನು ಒಂದೊಂದಾಗಿ ಕೇಳಿದೆ. ಬೆಳಗಿನ ನಾಲ್ಕಕ್ಕೆ ಎದ್ದಿದ್ದಳು. ಒಂದು ಲೋಟ ಟೀ ಕುಡಿದು ಮೊದಲ ಬಸ್ಸು ಹತ್ತಿದ್ದಳು. ದಾರಿಯಲ್ಲಿ ವಾಂತಿಯಾಗಿತ್ತು. ಹೊಟ್ಟೆ ಕೆಟ್ಟೀತೆಂದು ತಿಂಡಿ ತಿನ್ನಲಿಲ್ಲ. ನೀರನ್ನೂ ಕುಡಿಯಲಿಲ್ಲ, ಏಕೆಂದರೆ ಅಲ್ಲಿನ ಶೌಚಾಲಯಕ್ಕೆ ಹೋಗಲು ಅವಳಿಗೆ ಮನಸ್ಸಾಗಲಿಲ್ಲ. ಮಧ್ಯಾಹ್ನ ಎರಡು ಮಿರ್ಚಿ, ಒಂದು ಹಿಡಿ ಮಂಡಕ್ಕಿ. ಅಷ್ಟರ ಮೇಲೆ ಸೆಕೆಯ ಸಭಾಂಗಣದಲ್ಲಿ ನಾಲ್ಕನೆಯ ಸುತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.6 ಗ್ರಾಂ ಎಂದು ಬಂತು. ಆ ವಯಸ್ಸಿನ ಹುಡುಗಿಗೆ ಅದು 12 ಗ್ರಾಮಿಗಿಂತ ಕಡಿಮೆಯಾಗಬಾರದು.

ಅವಳಿಗೆ ಫಿಟ್ಸ್ ಇರಲಿಲ್ಲ, ತಲೆ ಹೆಚ್ಚು ಓಡಿ ಕೆಟ್ಟದ್ದೂ ಅಲ್ಲ. ಹಸಿವು, ನೀರಿನ ಕೊರತೆ, ನಿದ್ದೆಗೇಡು ಮತ್ತು ರಕ್ತಹೀನತೆ ಒಟ್ಟಿಗೆ ಸೇರಿ ಅವಳನ್ನು ಕೆಡವಿದ್ದವು. ತಪ್ಪು ಆಟದ್ದಲ್ಲ, ಆಟಕ್ಕೆ ಹೊರಟ ರೀತಿಯದು. ಇಂದಿನ ಬರಹ ಆ ತಂದೆಗೂ, ಅವರಂಥ ಎಲ್ಲ ತಂದೆತಾಯಿಯರಿಗೂ.

ನಮ್ಮ ಊರುಗಳಿಗೂ ಬಂದ ಆಟ

ಚದುರಂಗ ನಮಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು ಒಂದೂ ಮನೆ ಬಿಡದೆ, ಒಂದು ಮನೆಗೆ ಎರಡು ಸಲ ಬಾರದೆ ಇಡೀ ಮಣೆ ಸುತ್ತಿಸುವ ಲೆಕ್ಕಗಳನ್ನು ಕಟ್ಟಿದವರು. ಇತ್ತೀಚಿನ ವರ್ಷಗಳಲ್ಲಿ ಮೈಸೂರಿನ ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಅದರ ಬೆನ್ನಿಗೇ 2018ರಲ್ಲಿ ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯ ಸ್ಟಾನಿ ಜಿ.ಎ. ಆ ಪದವಿ ಪಡೆದರು. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಗುಕೇಶ್ 18ನೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಮೇಲಂತೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳ ಮಕ್ಕಳೂ ಮಣೆಯ ಮುಂದೆ ಕೂರುತ್ತಿದ್ದಾರೆ. ಶಾಲಾ ಕ್ರೀಡಾಕೂಟಗಳಲ್ಲಿ ತಾಲ್ಲೂಕು ಮಟ್ಟದಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿಂದ ಮುಂದಕ್ಕೆ ಹೋಗುತ್ತಾರೆ. ಇದು ಸಂತೋಷದ ಸಂಗತಿ. ಆದರೆ ಓಟದ ಸ್ಪರ್ಧೆಗೆ ಮಗುವನ್ನು ಕಳುಹಿಸುವಾಗ ಬೂಟು, ಊಟ, ನಿದ್ದೆ ಎಲ್ಲವನ್ನೂ ವಿಚಾರಿಸುವ ನಾವು, ಚದುರಂಗಕ್ಕೆ ಕಳುಹಿಸುವಾಗ ಪೆನ್ನು ಮಾತ್ರ ಕೊಟ್ಟು ಕಳುಹಿಸುತ್ತೇವೆ.

ಯೋಚಿಸಿದರೆ ಮಿದುಳು ಕಾಯುತ್ತದೆಯೇ?

ನಮ್ಮ ಮಿದುಳಿನ ತೂಕ ಸುಮಾರು 1.4 ಕಿಲೊ. ದೇಹದ ತೂಕದಲ್ಲಿ ಇದು ಶೇ. 2ರಷ್ಟು. ಆದರೆ ವಿಶ್ರಾಂತಿಯಲ್ಲಿರುವ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಶೇ. 20ರಷ್ಟನ್ನು ಇದೊಂದೇ ಬಳಸಿಕೊಳ್ಳುತ್ತದೆ. ನೀವು ಮಲಗಿರಲಿ, ಲೆಕ್ಕ ಮಾಡುತ್ತಿರಲಿ, ಈ ಖರ್ಚಿನಲ್ಲಿ ದೊಡ್ಡ ವ್ಯತ್ಯಾಸವಾಗದು. ಆದ್ದರಿಂದ ಹೆಚ್ಚು ಯೋಚಿಸಿದ್ದರಿಂದ ಮಿದುಳು ಕಾಯುತ್ತದೆ, ನರ ಸೊರಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ದೊಡ್ಡ ಆಟಗಾರರು ಪಂದ್ಯಾವಳಿಯ ದಿನ 6,000 ಕ್ಯಾಲೊರಿ ಖರ್ಚು ಮಾಡುತ್ತಾರೆಂಬ ಸುದ್ದಿ 2019ರಲ್ಲಿ ಬಹಳ ಹರಡಿತ್ತು. ಇದನ್ನು ನಂಬಿ ಮಕ್ಕಳಿಗೆ ತುಪ್ಪ, ಸಿಹಿ ತುರುಕಬೇಡಿ. ಆಟಗಾರರ ಉಸಿರಾಟ ಅಳೆದು ನೋಡಿದ ಪ್ರಯೋಗಗಳಲ್ಲಿ ಖರ್ಚು ಸ್ವಲ್ಪ ಮಾತ್ರ ಏರಿದ್ದು ಕಂಡಿದೆ.

ಹಾಗಾದರೆ ಆಟಗಾರರು ಸೊರಗುವುದೇಕೆ? 1984ರ ಸೆಪ್ಟೆಂಬರಿನಲ್ಲಿ ಮಾಸ್ಕೋದಲ್ಲಿ ಆರಂಭವಾದ ಕಾರ್ಪೋವ್–ಕಾಸ್ಪರೋವ್ ಪಂದ್ಯ 48 ಆಟಗಳ ನಂತರವೂ ಮುಗಿಯದೆ, 1985ರ ಫೆಬ್ರವರಿಯಲ್ಲಿ ಅದನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಕಾರ್ಪೋವ್ ಹತ್ತು ಕಿಲೊದಷ್ಟು ಇಳಿದಿದ್ದರೆಂದು ಆಗ ವರದಿಯಾಗಿತ್ತು. ಇಂಥ ಇಳಿಕೆಗೆ ಯೋಚನೆಯೊಂದೇ ಕಾರಣವಾಗಲಾರದು. ಉದ್ವೇಗದಲ್ಲಿ ಹಸಿವು ಸಾಯುತ್ತದೆ, ನಿದ್ದೆ ಹಾರುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಸುರಿಯುತ್ತವೆ. ಎದೆ ಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಹುಲಿ ಎದುರಾದಾಗ ಓಡಲು ದೇಹ ಮಾಡಿಕೊಳ್ಳುವ ಸಿದ್ಧತೆಯೇ ಇದು. ಚದುರಂಗದಲ್ಲಿ ವ್ಯತ್ಯಾಸವಿಷ್ಟೇ: ಓಡುವಂತಿಲ್ಲ, ಕುಳಿತೇ ಇರಬೇಕು. ಹೀಗೆ ನಾಲ್ಕೈದು ಗಂಟೆ.

ಎದೆಯ ಕಡೆ ಗಮನವಿರಲಿ

ಎಳೆಯರ ಗಟ್ಟಿಯಾದ ಹೃದಯಕ್ಕೆ ಈ ಏರಿಳಿತ ದೊಡ್ಡ ವಿಷಯವಲ್ಲ. ಆದರೆ ಚದುರಂಗಕ್ಕೆ ವಯಸ್ಸಿನ ಮಿತಿಯಿಲ್ಲ. ಎಪ್ಪತ್ತರ ಅಜ್ಜನೂ ಹತ್ತರ ಮೊಮ್ಮಗನೂ ಒಂದೇ ಮೇಜಿನಲ್ಲಿ ಎದುರಾಗುವುದು ಈ ಆಟದ ಸೊಗಸು. ಅಪಾಯವೂ ಅಲ್ಲಿಯೇ ಇದೆ. 2000ನೇ ಇಸವಿಯಲ್ಲಿ ಫಿನ್ಲೆಂಡಿನ ಪಂದ್ಯಾವಳಿಯೊಂದರಲ್ಲಿ ಗ್ರ್ಯಾಂಡ್‌ಮಾಸ್ಟರ್ ವ್ಲಾದಿಮಿರ್ ಬಗಿರೋವ್ ಅವರಿಗೆ ಆಡುತ್ತಿರುವಾಗಲೇ ಹೃದಯಾಘಾತವಾಗಿ ತೀರಿಕೊಂಡರು. 2014ರ ಆಗಸ್ಟಿನಲ್ಲಿ ನಾರ್ವೆಯ ಟ್ರೋಮ್ಸೊ ಒಲಿಂಪಿಯಾಡಿನ ಕೊನೆಯ ಸುತ್ತಿನಲ್ಲಿ ಸೇಶೆಲ್ಸ್ ತಂಡದ 67 ವರ್ಷದ ಆಟಗಾರರು ಮೇಜಿನಲ್ಲೇ ಕುಸಿದು ಅಸುನೀಗಿದರು. ಅದೇ ದಿನ ಉಜ್ಬೇಕಿಸ್ತಾನದ ಆಟಗಾರರೊಬ್ಬರು ತಮ್ಮ ಕೋಣೆಯಲ್ಲಿ ಸತ್ತು ಬಿದ್ದಿದ್ದರು.

ಇದನ್ನು ಹೆದರಿಸಲು ಹೇಳುತ್ತಿಲ್ಲ. ಲಕ್ಷಾಂತರ ಜನ ಆಡುವಲ್ಲಿ ಇಂಥ ಘಟನೆ ಬಲು ಅಪರೂಪ. ಚದುರಂಗ ಹೊಸದಾಗಿ ಹೃದ್ರೋಗ ತರುವುದಿಲ್ಲ. ಒಳಗೆ ಅಡಗಿದ್ದ ರೋಗವನ್ನು ಉದ್ವೇಗ ಹೊರಗೆಳೆಯಬಲ್ಲದು, ಅಷ್ಟೇ.

ಹೊನ್ನಾಳಿಯ ನಿವೃತ್ತ ಮೇಷ್ಟ್ರೊಬ್ಬರು ನನ್ನ ಹಳೆಯ ರೋಗಿ. ರಕ್ತದೊತ್ತಡಕ್ಕೆ ಹನ್ನೆರಡು ವರ್ಷಗಳಿಂದ ಮಾತ್ರೆ ನುಂಗುತ್ತಾರೆ. ಪಂದ್ಯವಿರುವ ದಿನ ಮಾತ್ರ ಬಿಟ್ಟುಬಿಡುತ್ತಿದ್ದರಂತೆ. "ಆ ಮಾತ್ರೆ ತಗೊಂಡ್ರೆ ಮೂತ್ರಕ್ಕೆ ಪದೇ ಪದೇ ಎದ್ದು ಹೋಗ್ಬೇಕು ಡಾಕ್ಟ್ರೇ, ಇತ್ಲಾಗೆ ಗಡಿಯಾರ ಓಡ್ತಿರುತ್ತೆ" ಎಂದರು. ಒತ್ತಡ ಹೆಚ್ಚುವ ದಿನವೇ ಮಾತ್ರೆ ಇಲ್ಲ! ಅವರ ಮಾತ್ರೆಯನ್ನು ಬದಲಿಸಿ, ಮೂತ್ರ ಹೆಚ್ಚಿಸದ ಬೇರೆ ಔಷಧಿ ಬರೆದುಕೊಟ್ಟೆ. ಐದು ನಿಮಿಷದ ಕೆಲಸ. ಅವರು ಮೊದಲೇ ಹೇಳಿದ್ದರೆ ಎರಡು ವರ್ಷ ಅಪಾಯದಲ್ಲಿ ಆಡಬೇಕಿರಲಿಲ್ಲ. ಔಷಧಿಯಿಂದ ಆಟಕ್ಕೆ ಅಡ್ಡಿಯಾದರೆ ವೈದ್ಯರಿಗೆ ಹೇಳಿ. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.

ನಲವತ್ತು ದಾಟಿದವರು ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ಕೊಬ್ಬಿನ ಅಂಶ ಪರೀಕ್ಷಿಸಿಕೊಳ್ಳಿ. ಆಟದ ನಡುವೆ ಎದೆ ಹಿಂಡಿದಂತಾದರೆ, ನೋವು ಎಡದೋಳು ಅಥವಾ ದವಡೆಗೆ ಹರಿದರೆ, ತಣ್ಣನೆ ಬೆವರು ಬಂದರೆ, ಉಸಿರು ಕಟ್ಟಿದರೆ, ಅದು ಗ್ಯಾಸ್ ಎಂದು ಸೋಡಾ ಕುಡಿದು ಕೂರಬೇಡಿ. ಗಡಿಯಾರ ಓಡುತ್ತಿದ್ದರೂ ಆಟವನ್ನು ಅಲ್ಲೇ ಬಿಟ್ಟು 108ಕ್ಕೆ ಫೋನ್ ಮಾಡಿಸಿ. ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ವ್ಯವಸ್ಥೆ ಇದೆ. ಮೊದಲ ಒಂದು ಗಂಟೆ ಬಲು ಅಮೂಲ್ಯ. ಸೋತ ಆಟವನ್ನು ಇನ್ನೊಮ್ಮೆ ಆಡಬಹುದು.

ಕತ್ತು, ಬೆನ್ನು, ಮೊಣಕೈ

ಚದುರಂಗದಲ್ಲಿ ಆಗುವ ಗಾಯ ಒಂದೇ ಏಟಿಗೆ ಆಗುವುದಿಲ್ಲ. ಅದು ಹನಿ ಹನಿಯಾಗಿ ಸೇರುತ್ತದೆ.

ಮನುಷ್ಯನ ತಲೆಯ ತೂಕ ಸುಮಾರು 5 ಕಿಲೊ. ನೆಟ್ಟಗೆ ಕುಳಿತಾಗ ಬೆನ್ನುಮೂಳೆ ಅದನ್ನು ಸಲೀಸಾಗಿ ಹೊರುತ್ತದೆ. ಮುಂದಕ್ಕೆ ಬಗ್ಗಿಸಿದಷ್ಟೂ ಕತ್ತಿನ ಸ್ನಾಯುಗಳ ಮೇಲೆ ಹೊರೆ ಏರುತ್ತದೆ. 60 ಡಿಗ್ರಿ ಬಗ್ಗಿದರೆ ಈ ಹೊರೆ 27 ಕಿಲೊದಷ್ಟಾಗುತ್ತದೆಂದು ಅಮೆರಿಕದ ಬೆನ್ನುಮೂಳೆ ತಜ್ಞರೊಬ್ಬರು 2014ರಲ್ಲಿ ಲೆಕ್ಕ ಹಾಕಿದ್ದಾರೆ. ಅರ್ಧ ಮೂಟೆ ಸಿಮೆಂಟನ್ನು ಕತ್ತಿಗೆ ನೇತುಹಾಕಿಕೊಂಡು ಗಂಟೆಗಟ್ಟಲೆ ಕುಳಿತಂತೆ! ಸಂಜೆಯ ತಲೆನೋವು, ಹೆಗಲು ಸೆಳೆತ, ಬೆಳಿಗ್ಗೆ ಕತ್ತು ತಿರುಗದಿರುವುದು, ಇವೆಲ್ಲದರ ಮೂಲ ಇದು.

ಚನ್ನಗಿರಿಯ ಅಂಗಡಿ ವ್ಯಾಪಾರಿಯೊಬ್ಬರು ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿಯುತ್ತದೆಂದು ಬಂದಿದ್ದರು. ಪಾರ್ಶ್ವವಾಯು ಇರಬಹುದೆಂದು ಮನೆಯವರು ಗಾಬರಿಯಾಗಿದ್ದರು. ಪರೀಕ್ಷಿಸಿದಾಗ ತೊಂದರೆ ಮೊಣಕೈಯಲ್ಲಿತ್ತು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಗೆಳೆಯರೊಂದಿಗೆ ಚದುರಂಗ. ಮೊಣಕೈಗಳನ್ನು ಮೇಜಿನ ಅಂಚಿಗೆ ಊರಿ ಗಲ್ಲಕ್ಕೆ ಕೈಕೊಟ್ಟು ಎರಡೆರಡು ಗಂಟೆ ಕೂರುವುದು. ಮೊಣಕೈ ಒಳಮಗ್ಗುಲಲ್ಲಿ, ತಾಗಿದರೆ ಕರೆಂಟು ಹೊಡೆದಂತಾಗುವ ಜಾಗವೊಂದಿದೆಯಲ್ಲ, ಅಲ್ಲಿ ಅಲ್ನಾರ್ ಎಂಬ ನರ ಚರ್ಮದ ಕೆಳಗೇ ಹಾದುಹೋಗುತ್ತದೆ. ಅದು ಅಂಚಿಗೆ ಒತ್ತಿಕೊಂಡರೆ ಆ ಎರಡು ಬೆರಳು ಮರಗಟ್ಟುತ್ತವೆ. ಬಹಳ ಕಾಲ ಅಲಕ್ಷ್ಯ ಮಾಡಿದರೆ ಹಿಡಿತವೂ ಸಡಿಲವಾಗಬಹುದು. ಅವರಿಗೆ ಔಷಧಿ ಹೆಚ್ಚೇನೂ ಕೊಡಲಿಲ್ಲ, ಮೊಣಕೈ ಊರುವುದನ್ನು ಬಿಡಿಸಿದೆ. ಆರು ವಾರದಲ್ಲಿ ಗುಣವಾದರು.

ಕಾಲಿನ ಮೇಲೆ ಕಾಲು ಹಾಕಿ ಬಹಳ ಹೊತ್ತು ಕುಳಿತರೆ ಮೊಣಕಾಲಿನ ಹೊರಬದಿಯ ನರವೂ ಹೀಗೆಯೇ ಒತ್ತಿಕೊಳ್ಳುತ್ತದೆ. ಜೋಮು ಹಿಡಿದ ಕಾಲಿನಲ್ಲಿ ಧಡಕ್ಕನೆ ಎದ್ದು ಬಿದ್ದು ಪಾದ ಉಳುಕಿಸಿಕೊಂಡವರೂ ಇದ್ದಾರೆ. ಒಂದೇ ಕಾಲಿನ ಮೀನಖಂಡ ಊದಿ, ಮುಟ್ಟಿದರೆ ನೋವಾಗುವಂತಿದ್ದರೆ ಉಜ್ಜಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ. ಬಹಳ ಹೊತ್ತು ಕುಳಿತವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವಿದೆ. ಅದೇ ದಿನ ವೈದ್ಯರನ್ನು ಕಾಣಿರಿ.

ಇವನ್ನು ತಡೆಯಲು ಹೀಗೆ ಮಾಡಿ:

ಸೊಂಟ ಕುರ್ಚಿಯ ಬೆನ್ನಿಗೆ ತಾಗುವಂತೆ ಹಿಂದಕ್ಕೆ ಕುಳಿತುಕೊಳ್ಳಿ. ಮಣೆಯನ್ನು ನೋಡಲು ಸೊಂಟದಿಂದ ಬಾಗಿರಿ, ಕತ್ತನ್ನು ಮಾತ್ರ ನೇತುಹಾಕಬೇಡಿ.

ಎರಡೂ ಪಾದ ನೆಲಕ್ಕೆ ತಾಗಿರಲಿ. ಚಿಕ್ಕ ಮಕ್ಕಳ ಕಾಲು ನೆಲಕ್ಕೆ ಎಟುಕದಿದ್ದರೆ ಕೆಳಗೆ ಅವರ ಚೀಲವನ್ನೋ, ಒಂದು ಮಣೆಯನ್ನೋ ಇಡಿ.

ಮೊಣಕೈ ಬದಲು ಮುಂಗೈ ಪೂರ್ತಿ ಮೇಜಿನ ಮೇಲಿರಲಿ.

ನಿಮ್ಮ ನಡೆ ಮುಗಿದು ಎದುರಾಳಿ ಯೋಚಿಸುತ್ತಿರುವಾಗ, ಅರ್ಧ ಗಂಟೆಗೊಮ್ಮೆ ಎದ್ದು ಸಭಾಂಗಣದೊಳಗೆ ಹತ್ತು ಹೆಜ್ಜೆ ಹಾಕಿ. ಇದಕ್ಕೆ ನಿಯಮದ ಅಡ್ಡಿಯಿಲ್ಲ. ಕುಳಿತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿರಿ. ಏಳುವಾಗ ಒಂದು ಕ್ಷಣ ಕುರ್ಚಿ ಹಿಡಿದು ನಿಂತು ಆಮೇಲೆ ನಡೆಯಿರಿ.

ಕಣ್ಣು, ಮೊಬೈಲು ಮತ್ತು ನಿದ್ದೆ

ಈಗ ಅಭ್ಯಾಸವೆಲ್ಲ ಮೊಬೈಲಿನಲ್ಲಿ. ನ್ಯಾಮತಿಯ ಹತ್ತನೇ ತರಗತಿಯ ಹುಡುಗನೊಬ್ಬನನ್ನು ತಾಯಿ ತಲೆನೋವೆಂದು ಕರೆತಂದಿದ್ದರು. ಕನ್ನಡಕ ಬೇಕೇನೋ ಎಂಬುದು ಅವರ ಅನುಮಾನ. ವಿಚಾರಿಸಿದರೆ, ಕಂಬಳಿಯೊಳಗೆ ಮೊಬೈಲಿಟ್ಟುಕೊಂಡು ರಾತ್ರಿ ಒಂದರವರೆಗೆ ಮೂರು ನಿಮಿಷದ ಮಿಂಚಿನ ಆಟಗಳು. ಸೋತರೆ ಕಳೆದುಕೊಂಡ ರೇಟಿಂಗ್ ವಾಪಸು ತರುವವರೆಗೆ ಬಿಡುವಂತಿಲ್ಲ, ಗೆದ್ದರೆ ಇನ್ನೊಂದು. "ಓದ್ತಿಲ್ಲ ಅಂತ ಬೈಯೋ ಹಂಗೂ ಇಲ್ಲ ಸಾರ್, ಚೆಸ್ ಒಳ್ಳೇದು ಅಂತಾರಲ್ಲ" ಎಂದರು ತಾಯಿ.

ಒಳ್ಳೆಯದು ನಿಜ, ಹೊತ್ತು ನೋಡಿ ಆಡಿದರೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ, ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಹಗಲು ಕಲಿತದ್ದು ಮಿದುಳಿನಲ್ಲಿ ನೆಲೆಯಾಗುವುದು ನಿದ್ದೆಯಲ್ಲಿ. ನಿದ್ದೆಗೆಟ್ಟು ಕಲಿತ ಹತ್ತು ನಡೆಗಳಿಗಿಂತ ನಿದ್ದೆ ಮಾಡಿ ಕಲಿತ ನಾಲ್ಕು ನಡೆ ಮೇಲು. ಮಲಗುವ ಒಂದು ಗಂಟೆ ಮೊದಲೇ ಮೊಬೈಲು ಅಡುಗೆಮನೆಯ ಕಪಾಟು ಸೇರಲಿ. ಅಭ್ಯಾಸವನ್ನು ಸಾಧ್ಯವಾದಷ್ಟೂ ಮರದ ಅಥವಾ ಪ್ಲಾಸ್ಟಿಕ್ ಮಣೆಯ ಮೇಲೆ ಮಾಡಿಸಿ.

ಪರದೆ ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಉರಿಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಸೆಕೆಂಡು, ಇಪ್ಪತ್ತು ಅಡಿಗಿಂತ ದೂರದ ಏನನ್ನಾದರೂ ನೋಡಿ. ಕಿಟಕಿಯಾಚೆಯ ತೆಂಗಿನ ಮರವಾದರೂ ಸಾಕು. ಮಕ್ಕಳು ದಿನಕ್ಕೆ ಒಂದೆರಡು ಗಂಟೆ ಬಯಲಿನ ಬೆಳಕಿನಲ್ಲಿ ಆಡಿದರೆ ಸಮೀಪದೃಷ್ಟಿ ದೋಷ ಬರುವ ಸಂಭವ ಕಡಿಮೆಯಾಗುತ್ತದೆಂದು ಕಂಡುಬಂದಿದೆ.

ಊಟ ಮತ್ತು ನೀರು

ಪಂದ್ಯದ ದಿನ ಮಗುವಿಗೆ ಹೊಸ ತಿಂಡಿ ಬೇಡ. ಅಭ್ಯಾಸವಿರುವ ಇಡ್ಲಿ, ಉಪ್ಪಿಟ್ಟು, ರೊಟ್ಟಿ-ಪಲ್ಯ, ರಾಗಿ ಅಂಬಲಿ, ಯಾವುದಾದರೂ ಆಟಕ್ಕೆ ಒಂದೂವರೆ ಗಂಟೆ ಮೊದಲು ಹೊಟ್ಟೆ ಸೇರಿರಲಿ. ದಾವಣಗೆರೆಗೆ ಹೋದಾಗ ಬೆಣ್ಣೆದೋಸೆ ತಿನ್ನಬಾರದೆಂದು ನಾನು ಹೇಳಿದರೆ ನೀವು ಕೇಳುವುದೂ ಇಲ್ಲ. ಆದರೆ ಅದನ್ನು ಸಂಜೆಗೆ, ಬಹುಮಾನ ವಿತರಣೆಯ ನಂತರಕ್ಕೆ ಇಟ್ಟುಕೊಳ್ಳಿ. ಎಣ್ಣೆ-ಬೆಣ್ಣೆಯ ತಿನಿಸು ಹೊಟ್ಟೆಯಲ್ಲಿ ಬಹಳ ಹೊತ್ತು ನಿಂತು ತೂಕಡಿಕೆ ತರುತ್ತದೆ.

ಸುತ್ತುಗಳ ನಡುವೆ ಬಾಳೆಹಣ್ಣು, ಕಡಲೆಬೀಜ, ಹುರಿಗಡಲೆ, ಮಜ್ಜಿಗೆ ಒಳ್ಳೆಯವು. ಚಾಕೊಲೇಟು, ಬಣ್ಣದ ಪಾನೀಯಗಳಿಂದ ಸಕ್ಕರೆ ಒಮ್ಮೆಗೇ ಏರಿ ಇಳಿಯುತ್ತದೆ. ದೊಡ್ಡ ಮಕ್ಕಳು, ವಯಸ್ಕರು ಗಂಟೆಗೆ ಒಂದು ಲೋಟದಂತೆ ನೀರನ್ನು ಗುಟುಕು ಗುಟುಕಾಗಿ ಕುಡಿಯಲಿ. ಮೂತ್ರ ಕಡುಹಳದಿಯಾಗಿದ್ದರೆ ನೀರು ಸಾಲದೆಂದು ತಿಳಿಯಿರಿ.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು. ಶೌಚಾಲಯಕ್ಕೆ ಹೋಗಬೇಕಾದೀತೆಂದು ನೀರು ಕುಡಿಯದಿರುವುದು, ಬಂದ ಮೂತ್ರವನ್ನು ಹಿಡಿದಿಡುವುದು ಅವರಲ್ಲಿ ಸಾಮಾನ್ಯ. ಇದರಿಂದ ಮೂತ್ರದ ಸೋಂಕು ಬರುತ್ತದೆ: ಉರಿಮೂತ್ರ, ಕಿಬ್ಬೊಟ್ಟೆ ನೋವು, ಚಳಿಜ್ವರ. ಮುಟ್ಟಿನ ದಿನಗಳಲ್ಲಿ ಪಂದ್ಯ ಬಂದರೆ ಬೇಕಾದ ಬಟ್ಟೆ ಅಥವಾ ಪ್ಯಾಡುಗಳನ್ನು ಚೀಲದಲ್ಲಿ ಮೊದಲೇ ಇಟ್ಟುಕೊಡಿ. ರಕ್ತಹೀನತೆಯಿದ್ದರೆ ಏಕಾಗ್ರತೆ ಕುಂದುತ್ತದೆ, ಬೇಗ ದಣಿವಾಗುತ್ತದೆ. ಸರ್ಕಾರಿ ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಮಕ್ಕಳು ಎಸೆಯದಂತೆ ನೋಡಿಕೊಳ್ಳಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟದ ಹೊತ್ತು ಮೀರಿಸಬಾರದು. ಕೈ ನಡುಕ, ಬೆವರು, ಎದೆ ಡವಡವ ಇವು ಆಟದ ಭಯದಂತೆಯೇ ಕಂಡರೂ ಸಕ್ಕರೆ ಇಳಿದಿರುವ ಸೂಚನೆಯಾಗಿರಬಹುದು. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷ ಬಿಟ್ಟು ಏನಾದರೂ ತಿನ್ನಿ. ನಿಮ್ಮ ಕಾಯಿಲೆಯ ವಿಷಯ ಪಂದ್ಯದ ತೀರ್ಪುಗಾರರಿಗೆ ಮೊದಲೇ ತಿಳಿಸಿರಿ.

ಅಡಿಕೆ, ಕಾಫಿ, ಮಾತ್ರೆ

ಚನ್ನಗಿರಿಯಂಥ ಅಡಿಕೆ ಸೀಮೆಯಲ್ಲಿ ಇದನ್ನು ಬರೆದರೆ ಕೆಲವರಿಗೆ ಬೇಸರವಾದೀತು. ಆದರೂ ವೈದ್ಯನಾಗಿ ಹೇಳಲೇಬೇಕು. ಬೆಳೆ ಬೆಳೆಯುವುದು ಬೇರೆ, ಜಗಿಯುವುದು ಬೇರೆ. ಬಾಯಿಗೆ ಅಡಿಕೆ ಬಿದ್ದರೆ ತಲೆ ಚುರುಕಾಗುತ್ತದೆಂದು ಆಟದುದ್ದಕ್ಕೂ ದವಡೆಯಲ್ಲಿಟ್ಟುಕೊಳ್ಳುವವರಿದ್ದಾರೆ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎರಡು ದಶಕಗಳ ಹಿಂದೆಯೇ ಸಾರಿದೆ. ಬಾಯಿ ಪೂರ್ತಿ ತೆರೆಯಲಾಗದಿರುವುದು, ಖಾರ ತಾಗಿದರೆ ಉರಿಯುವುದು, ಕೆನ್ನೆಯ ಒಳಗೆ ಬಿಳಿಚಿ ಗಡುಸಾಗುವುದು ಮೊದಲ ಸೂಚನೆಗಳು. ಕುಳಿತು ಯೋಚಿಸುವ ಆಟದಲ್ಲಿ ಚಟ ಸುಲಭವಾಗಿ ಅಂಟುತ್ತದೆ. ಮಕ್ಕಳು ನೋಡುತ್ತಿರುತ್ತಾರೆಂಬುದು ನೆನಪಿರಲಿ.

ಒಂದೆರಡು ಲೋಟ ಕಾಫಿ ದೊಡ್ಡವರಿಗೆ ತೊಂದರೆಯಿಲ್ಲ. ಮಧ್ಯಾಹ್ನದ ನಂತರ ಬೇಡ, ರಾತ್ರಿಯ ನಿದ್ದೆ ಕೆಡುತ್ತದೆ. ಮಕ್ಕಳಿಗೆ ಎನರ್ಜಿ ಡ್ರಿಂಕ್ ಎಂಬ ಡಬ್ಬಿಗಳು ಖಂಡಿತ ಬೇಡ.

ಬುದ್ಧಿ ಚುರುಕಾಗುವ ಮಾತ್ರೆ ಬರೆದುಕೊಡಿ ಎಂದು ಕೇಳುವ ತಂದೆತಾಯಿಯರೂ ಇದ್ದಾರೆ. 2017ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ ಮೀಥೈಲ್‌ಫೆನಿಡೇಟ್, ಮೊಡಾಫಿನಿಲ್, ಕೆಫೀನ್‌ಗಳನ್ನು ಆಟಗಾರರಿಗೆ ಕೊಟ್ಟು ನೋಡಿದರು. ಔಷಧಿ ನುಂಗಿದವರು ಒಂದೊಂದು ನಡೆಗೂ ಹೆಚ್ಚು ಹೊತ್ತು ಯೋಚಿಸಿದರು. ಅದರಿಂದಲೇ ಸಮಯ ಮೀರಿ ಹೆಚ್ಚು ಆಟಗಳನ್ನು ಸೋತರು! ಇವುಗಳಲ್ಲಿ ಮೊದಲೆರಡು ಉದ್ದೀಪನ ಮದ್ದಿನ ನಿಷೇಧ ಪಟ್ಟಿಯಲ್ಲಿವೆ. ವಿಶ್ವ ಚದುರಂಗ ಸಂಸ್ಥೆಯೂ ಆ ನಿಯಮಗಳಿಗೆ ಒಳಪಟ್ಟಿದೆ. ವೈದ್ಯರು ಕಾಯಿಲೆಗೆಂದು ಬರೆದದ್ದಲ್ಲದೆ ಇಂಥ ಯಾವ ಮಾತ್ರೆಯನ್ನೂ ಮಕ್ಕಳಿಗೆ ಕೊಡಬಾರದು.

ಸೋಲಿನ ಗಾಯ

ಕಬಡ್ಡಿಯಲ್ಲಿ ಸೋತರೆ ತಂಡ ಸೋಲುತ್ತದೆ. ಲೂಡೋದಲ್ಲಿ ಸೋತರೆ ದಾಳವನ್ನು ಬೈಯಬಹುದು. ಚದುರಂಗದಲ್ಲಿ ದಾಳವಿಲ್ಲ, ಜೊತೆಗಾರನಿಲ್ಲ, ಬಿಸಿಲು-ಮಳೆಯ ನೆಪವಿಲ್ಲ. ಸೋತವನಿಗೆ ತನ್ನ ಬುದ್ಧಿಯೇ ಸೋತಂತೆ ಅನ್ನಿಸುತ್ತದೆ. ಮಗುವಿಗಂತೂ ಇದು ದೊಡ್ಡ ಪೆಟ್ಟು. ಆ ಗಳಿಗೆಯಲ್ಲಿ ಬಾಗಿಲಲ್ಲಿ ನಿಂತ ತಂದೆ "ಅಷ್ಟು ಸುಲಭದ ನಡೆ ಕಾಣಲಿಲ್ವಾ?" ಎಂದರೆ ಗಾಯದ ಮೇಲೆ ಬರೆ.

ವಿಶ್ವ ಚಾಂಪಿಯನ್ ಆಗಿದ್ದ ಚೀನಾದ ಡಿಂಗ್ ಲಿರೆನ್ ತಾವು ಖಿನ್ನತೆಯಿಂದ ಬಳಲಿದ್ದನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಜಗತ್ತಿನ ಉನ್ನತ ಆಟಗಾರನಿಗೇ ಬರಬಹುದಾದದ್ದು ನಮ್ಮ ಮಕ್ಕಳಿಗೆ ಬಂದರೆ ಅದು ನಾಚಿಕೆಯ ವಿಷಯವಲ್ಲ. ಪಂದ್ಯದ ಹಿಂದಿನ ದಿನ ಹೊಟ್ಟೆನೋವು, ವಾಂತಿ, ಹಾಸಿಗೆ ಒದ್ದೆ, ಉಗುರು ಕಚ್ಚುವುದು, ಎರಡು ವಾರ ಮೀರಿದ ಮಂಕು, ಊಟ-ನಿದ್ದೆಯ ಏರುಪೇರು ಕಂಡರೆ ಸ್ವಲ್ಪ ಕಾಲ ಸ್ಪರ್ಧೆಗೆ ಬಿಡುವು ಕೊಡಿ, ವೈದ್ಯರ ಸಲಹೆ ಪಡೆಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬದುಕೇ ಬೇಡವೆಂಬ ಮಾತು ಮಗುವಿನ ಬಾಯಲ್ಲಿ ಬಂದರೆ ಅದನ್ನು ತಮಾಷೆಯೆಂದು ತಳ್ಳಿಹಾಕಬೇಡಿ. ಅಂದೇ ವೈದ್ಯರಿಗೆ ತೋರಿಸಿ.

ಸೋತ ದಿನ ಆಟದ ಚರ್ಚೆ ಬೇಡ. ಮೊದಲು ಊಟ, ಆಮೇಲೆ ನಿದ್ದೆ. ತಪ್ಪು ನಡೆಯನ್ನು ಮರುದಿನ ನೋಡಿದರೂ ಅದು ಅಲ್ಲೇ ಇರುತ್ತದೆ.

ಪಂದ್ಯ ನಡೆಸುವವರಿಗೆ

ಶಾಲೆ, ಸಮುದಾಯ ಭವನಗಳಲ್ಲಿ ಪಂದ್ಯ ಏರ್ಪಡಿಸುವವರೂ ಈ ಮಾತು ಕೇಳಬೇಕು. ಕಿಟಕಿಗಳನ್ನು ತೆರೆದಿಡಿ. ಒಳಾಂಗಣದ ಗಾಳಿಯಲ್ಲಿ ಸೂಕ್ಷ್ಮ ಧೂಳು ಹೆಚ್ಚಿದಾಗ ಆಟಗಾರರು ಹೆಚ್ಚು ತಪ್ಪು ನಡೆ ನಡೆಸುತ್ತಾರೆಂದು ಜರ್ಮನಿಯ ಪಂದ್ಯಾವಳಿಗಳಲ್ಲಿ ಅಳೆದು ನೋಡಿದ್ದಾರೆ. ಶುದ್ಧ ನೀರು, ಹುಡುಗಿಯರಿಗೆ ಬೇರೆಯಾದ ಚೊಕ್ಕ ಶೌಚಾಲಯ, ಚಿಕ್ಕವರಿಗೆ ಅಳತೆಗೆ ತಕ್ಕ ಕುರ್ಚಿ, ಊಟಕ್ಕೆ ಮುಕ್ಕಾಲು ಗಂಟೆಯ ಬಿಡುವು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಎದೆಯೊತ್ತಿ ಜೀವ ಉಳಿಸುವ ಕ್ರಮ ಬಲ್ಲ ಒಬ್ಬರಾದರೂ ಇರಲಿ. ದೂರದ ತಾಲ್ಲೂಕುಗಳ ಮಕ್ಕಳು ಬರುವುದಾದರೆ ಮೊದಲ ಸುತ್ತನ್ನು ಹತ್ತಕ್ಕೆ ಮುಂಚೆ ಇಡಬೇಡಿ.

ಯಾರಾದರೂ ತಲೆಸುತ್ತಿ ಬಿದ್ದರೆ ನೆಲದ ಮೇಲೆ ಅಂಗಾತ ಮಲಗಿಸಿ ಕಾಲುಗಳನ್ನು ಒಂದಡಿ ಮೇಲೆತ್ತಿ. ಸುತ್ತ ಗುಂಪುಗೂಡಬೇಡಿ. ಪೂರ್ಣ ಎಚ್ಚರವಾಗುವವರೆಗೆ ಬಾಯಿಗೆ ನೀರು ಹಾಕಬೇಡಿ. ನಿಜವಾಗಿ ಫಿಟ್ಸ್ ಬಂದಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಕೈಗೆ ಕಬ್ಬಿಣ ಕೊಡುವುದರಿಂದ ಯಾವ ಪ್ರಯೋಜನವೂ ಇಲ್ಲ. ಕರೆದರೆ ಓಗೊಡದೆ, ಉಸಿರೂ ಆಡದಿದ್ದರೆ 108ಕ್ಕೆ ತಿಳಿಸಿ ಎದೆಯ ನಡುವೆ ಒತ್ತಲು ಆರಂಭಿಸಿ.

ಕೊನೆಯದಾಗಿ

ಚದುರಂಗ ಆಡುವವರಿಗೆ ವ್ಯಾಯಾಮ ಬೇಡವೆಂಬುದು ತಪ್ಪು. ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ಫುಟ್ಬಾಲ್ ಆಡುತ್ತಾರೆ. ಬಾಬಿ ಫಿಷರ್ 1972ರ ವಿಶ್ವ ಪಂದ್ಯಕ್ಕೆ ಮೊದಲು ಈಜು, ಟೆನಿಸ್‌ಗಳಿಂದ ಮೈ ಹದಗೊಳಿಸಿಕೊಂಡಿದ್ದರು. ದೊಡ್ಡವರು ದಿನಕ್ಕೆ ಅರ್ಧ ಗಂಟೆ ಬಿರುಸಾದ ನಡಿಗೆ, ಮಕ್ಕಳು ಒಂದು ಗಂಟೆ ಮೈ ಬೆವರುವ ಆಟ ಆಡಲಿ. ಹೊನ್ನಾಳಿಯವರಿಗೆ ತುಂಗಭದ್ರೆಯ ದಂಡೆಯಿದೆ, ಚನ್ನಗಿರಿಯವರಿಗೆ ಕೋಟೆಯ ಗುಡ್ಡವಿದೆ. ಗ್ರ್ಯಾಂಡ್‌ಮಾಸ್ಟರುಗಳು ಸಾಮಾನ್ಯ ಜನರಿಗಿಂತ ಹೆಚ್ಚು ಕಾಲ, ಒಲಿಂಪಿಕ್ ಪದಕ ಗೆದ್ದವರಷ್ಟೇ ಕಾಲ ಬಾಳುತ್ತಾರೆಂದು 2018ರ ಅಧ್ಯಯನವೊಂದು ತಿಳಿಸಿದೆ. ಆಟವೇ ಆಯುಸ್ಸು ಕೊಡುತ್ತದೆಂದು ಇದರಿಂದ ಹೇಳಲಾಗದು. ಆದರೆ ಆಟ ಆಯುಸ್ಸು ಕಸಿಯುತ್ತದೆಂಬ ಭಯವಂತೂ ಬೇಡ.

ಆ ಹುಡುಗಿಗೆ ಮೂರು ತಿಂಗಳು ಕಬ್ಬಿಣಾಂಶದ ಮಾತ್ರೆ, ಒಂದು ಜಂತುಹುಳದ ಮಾತ್ರೆ, ದಿನವೂ ಸೊಪ್ಪು, ಕಾಳು, ಜೊತೆಗೆ ನಿಂಬೆಹಣ್ಣು ಅಥವಾ ನೆಲ್ಲಿಕಾಯಿ ತಿನ್ನಲು ಹೇಳಿದೆ. ತಂದೆಗೂ ಒಂದು ಚೀಟಿ ಬರೆದುಕೊಟ್ಟೆ: ಹಿಂದಿನ ದಿನ ಸಂಜೆಯೇ ದಾವಣಗೆರೆಯ ನೆಂಟರ ಮನೆಗೆ ಹೋಗಿ ಉಳಿಯುವುದು, ಡಬ್ಬಿಯಲ್ಲಿ ರೊಟ್ಟಿ, ಬಾಟಲಿಯಲ್ಲಿ ಮಜ್ಜಿಗೆ, ಸೋತರೆ ಬೈಯದಿರುವುದು. ಕೊನೆಯದನ್ನು ಓದಿ ಅವರು ಸ್ವಲ್ಪ ನಕ್ಕರು. ಮೂರು ತಿಂಗಳ ಮೇಲೆ ಹಿಮೋಗ್ಲೋಬಿನ್ 11.8ಕ್ಕೆ ಬಂದಿತ್ತು. "ಮೊನ್ನೆ ಏಳು ಸುತ್ತೂ ಆಡಿದ್ಲು ಸಾರ್" ಎಂದರು. ಎಷ್ಟು ಗೆದ್ದಳೆಂದು ನಾನು ಕೇಳಲಿಲ್ಲ. ಏಳು ಸುತ್ತೂ ಆಡಿದಳೆಂಬುದೇ ವೈದ್ಯನಿಗೆ ಸಾಕು.